ಸೀಮಂತದ ಮನೆಗೆ ಬಂದ ಕುಕೆರ್

"ಆಗಸ್ಟ್ ಕೊನೇ ಶನಿವಾರ ನಿನಗೆ ಶಿಫ್ಟ್ ಇದೆಯಲ್ವಾ?" ವಸುಂಧರಮ್ಮ ಹುಳಿ ಬಡಿಸುತ್ತ ಕೇಳಿದರು.

"ಇಲ್ಲ ಅತ್ತೆ," ಎಂದಳು ಯಾಮಿನಿ.

"ಹಾಕಿಸ್ಕೊ."

ಮೇಜಿನ ಸುತ್ತ ಐದು ಜನ. ಯಾರೂ ತಲೆ ಎತ್ತಲಿಲ್ಲ. ಮಾವ ವೆಂಕಟರಮಣಯ್ಯ ಹುಳಿಯಲ್ಲಿ ನುಗ್ಗೇಕಾಯಿ ಹುಡುಕುತ್ತಿದ್ದರು. ಮೈದುನ ಧೀರಜ್ ಫೋನು ನೋಡುತ್ತಿದ್ದ. ಅವನ ಹೆಂಡತಿ ಹರ್ಷಿತಾ, ಏಳು ತಿಂಗಳ ಬಸುರಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಅದು ಆಗಲೇ ತೆರೆದಿತ್ತು.

ಆ ಶನಿವಾರ ಹರ್ಷಿತಾಳ ಸೀಮಂತ.

ಆಕ್ಲೆಂಡಿನ ಹೆಂಡರ್ಸನ್ನಿನ ಈ ಮನೆ ಯಾಮಿನಿ ಮತ್ತು ಗಂಡ ಅಜಿತ್ ಸೇರಿ ಕೊಂಡದ್ದು. ಇಬ್ಬರೂ ಡನೀಡಿನ್‌ನಲ್ಲಿ ಓದಿದವರು. ಅವಳು ಫಾರ್ಮಸಿ, ಅವನು ಸರ್ವೇಯಿಂಗ್. ಹದಿನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಜಿತ್ ಸೈಕಲ್ ಹತ್ತಿ ಗುಡ್ಡದ ರಸ್ತೆಗೆ ಹೋದ. ತಿರುವಿನಲ್ಲಿ ಬಂದ ಪಿಕಪ್ ಗಾಡಿಯವನು ಅವನನ್ನು ನೋಡಲಿಲ್ಲ. ಕರ್ಮಕ್ಕೆಂದು ಮೈಸೂರಿನಿಂದ ಬಂದ ಅತ್ತೆ ಮಾವ ಇಲ್ಲೇ ಉಳಿದರು. ಅತ್ತಿಗೆಗೆ ಜೊತೆಯಾಗಲಿ ಎಂದು ಧೀರಜ್ ಮತ್ತು ಹರ್ಷಿತಾ ಏವನ್‌ಡೇಲಿನ ಬಾಡಿಗೆ ಮನೆ ಬಿಟ್ಟು ಬಂದರು. ಜೊತೆಗೆಂದು ಬಂದವರು ಜೋಡಿಗೊಂದರಂತೆ ಕೋಣೆ ಹಿಡಿದರು. ಹೀಟ್‌ಪಂಪ್ ಇದ್ದ ಬೆಚ್ಚನೆಯ ದೊಡ್ಡ ಕೋಣೆ ಬಸುರಿಗೆ. ಬಿಸಿಲು ಬೀಳುವ ಕೋಣೆ ಮಂಡಿನೋವಿನ ಅತ್ತೆಗೆ. ಗರಾಜಿಗೆ ಅಂಟಿಕೊಂಡ ಕೋಣೆಯಲ್ಲಿ, ಕಿಟಕಿಯ ಒಳಮೈಯಲ್ಲಿ ಬೆಳಗಾದರೆ ನೀರಿಳಿಯುವ ಕಡೆ, ಯಾಮಿನಿ ಮಲಗುತ್ತಿದ್ದಳು.

"ಯಾಕೆ ಹಾಕಿಸ್ಕೊಬೇಕು?" ಎಂದು ಕೇಳಿದಳು.

"ಬಾಯಿ ಬಿಟ್ಟು ಹೇಳಿಸ್ಬೇಡ ಯಾಮಿನಿ. ನಿನಗೂ ಬೇಜಾರು, ನನಗೂ ಬೇಜಾರು."

"ನನಗೆ ಬೇಜಾರಿಲ್ಲ. ಹೇಳಿ."

"ಮುತ್ತೈದೆಯರು ಬರ್ತಾರೆ. ಬಳೆ ತೊಡಿಸ್ತಾರೆ, ಆರತಿ ಎತ್ತುತ್ತಾರೆ. ನೀನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ರೆ ಬಂದೋರು ಅವಳನ್ನ ನೋಡ್ಬೇಕೋ, ನಿನ್ನ ನೋಡ್ಬೇಕೋ?"

"ಅಮ್ಮಾ, ಇದು ನ್ಯೂಜಿಲೆಂಡು," ಎಂದ ಧೀರಜ್, ಫೋನಿನಿಂದ ಕಣ್ಣು ತೆಗೆಯದೆ.

"ನ್ಯೂಜಿಲೆಂಡಲ್ಲಿ ಮಕ್ಕಳು ಬೇರೆ ಥರ ಹುಟ್ತಾವೇನೋ? ನೀನು ಊಟ ಮಾಡು."

"ನಮ್ಮ ಕಡೆ ಇದಕ್ಕ ಕುಬಸ ಅಂತಾರ್ರಿ ಅತ್ತಿ," ಎಂದು ಹರ್ಷಿತಾ ಮಾತು ತಿರುಗಿಸಿದಳು. ಅವಳು ಹುಬ್ಬಳ್ಳಿಯವಳು, ಆಸ್ಪತ್ರೆಯಲ್ಲಿ ನರ್ಸ್.

"ಏನಾದ್ರೂ ಅಂದ್ಕೊಳ್ಳಿ. ಆವತ್ತು ಹಸಿರು ಸೀರೆ ಉಟ್ಕೊ."

ಹಿಂದಿನ ವಾರವಷ್ಟೇ ಹರ್ಷಿತಾ ಬಟ್ಟೆ ಮಡಚುತ್ತ ಕೂತು ಹೇಳಿದ್ದಳು, "ಅಕ್ಕಾ, ಮೊದಲನೇ ಬಳಿ ನೀವಾ ತೊಡಸ್ರಿ. ನಾ ಇದನ್ನೆಲ್ಲಾ ನಂಬಂಗಿಲ್ಲ." ಯಾಮಿನಿ ಈಗ ಅವಳ ಕಡೆ ನೋಡಿದಳು. ಹರ್ಷಿತಾ ಬಾಟಲಿ ಮುಚ್ಚಿ ಪಕ್ಕಕ್ಕಿಟ್ಟಳು.

"ಆಯ್ತು ಅತ್ತೆ," ಎಂದಳು ಯಾಮಿನಿ.

ಆ ವಾರ ಅವಳು ಮಾಡಿದ್ದೆಲ್ಲ ಸಣ್ಣ ಸಣ್ಣ ಕೆಲಸ. ತನ್ನ ಸರದಿ ಬಂದಾಗ ಸಾರಿಗೆ ಇಂಗು ಹಾಕಲಿಲ್ಲ. ಇಂಗಿಲ್ಲದ ಸಾರು ವಸುಂಧರಮ್ಮನ ಗಂಟಲಿಗೆ ಇಳಿಯುವುದಿಲ್ಲ. ಅವರ ಬಿಸಿನೀರಿನ ಚೀಲ ತುಂಬಿಸಲು ಎರಡು ದಿನ ಮರೆತಳು. ಭಾನುವಾರ ಏವನ್‌ಡೇಲ್ ಸಂತೆಗೆ ಅತ್ತೆ ಸ್ವೆಟರ್ ತೊಟ್ಟು ಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದರೆ, ಹಿಂಬಾಗಿಲಿನಿಂದ ಒಬ್ಬಳೇ ಹೋಗಿ ಬಂದಳು.

"ಕರಿಬೇವು?" ಎಂದರು ವಸುಂಧರಮ್ಮ, ಚೀಲ ತಡಕಾಡಿ.

"ಸಿಗ್ಲಿಲ್ಲ."

ಸಿಕ್ಕಿತ್ತು. ಎರಡು ಕಂತೆ ಕಾರಿನ ಡಿಕ್ಕಿಯಲ್ಲಿ ಒಣಗುತ್ತಿದ್ದವು.

ಪಕ್ಕದ ಮನೆಯವರು ಬಲ್ಗೇರಿಯಾದವರು. ಮಗಳು ರಾದ್ಕಾಗೆ ಬೇಕರಿಯಲ್ಲಿ ಕೆಲಸ. ಅಪ್ಪ ಸ್ತೊಯಾನ್ ಎಪ್ಪತ್ತು ದಾಟಿದ ಅಜ್ಜ, ಮೂರು ವರ್ಷದ ಹಿಂದೆ ಬಂದವನು. ಅವರ ಊರಿನಲ್ಲಿ ಚಳಿಗಾಲ ಓಡಿಸುವ ಹಬ್ಬ ಒಂದಿದೆ. ಗಂಡಸರು ಆಡಿನ ತುಪ್ಪಳದ ಅಂಗಿ ತೊಟ್ಟು, ಕೊಂಬಿನ ಮುಖವಾಡ ಹಾಕಿ, ಸೊಂಟಕ್ಕೆ ದೊಡ್ಡ ದೊಡ್ಡ ಗಂಟೆ ಕಟ್ಟಿಕೊಂಡು ಮನೆಮನೆಗೆ ಹೋಗಿ ಕುಣಿಯುತ್ತಾರೆ. ಒಬ್ಬನಾದರೆ ಕುಕೆರ್, ಗುಂಪಾದರೆ ಕುಕೆರಿ. ಮನೆಯವರು ರೊಟ್ಟಿ, ಮೊಟ್ಟೆ, ವೈನ್ ಕೊಟ್ಟು ಕಳಿಸುತ್ತಾರೆ. ಅಲ್ಲಿ ಅದು ಫೆಬ್ರವರಿಯ ಸುಮಾರಿಗೆ. ಇಲ್ಲಿ ಫೆಬ್ರವರಿಯಲ್ಲಿ ಕುಣಿದರೆ ಬೇಸಿಗೆ ಓಡಿಹೋದೀತು ಎಂದು ಅಜ್ಜ ಅದನ್ನು ಆಗಸ್ಟ್ ಕೊನೆಗೆ ಹಾಕಿಸಿದ್ದ. ಆಕ್ಲೆಂಡಿನ ಬಲ್ಗೇರಿಯಾದವರು ಬೆಳಿಗ್ಗೆ ಈ ಬೀದಿಯಲ್ಲಿ ಒಪ್ಪಿದ ಮನೆಗಳಿಗೆ ಹೋಗಿ, ಆಮೇಲೆ ಹಾಲ್‌ನಲ್ಲಿ ಊಟ ಮಾಡುತ್ತಿದ್ದರು.

ರಾದ್ಕಾ ಬಾಗಿಲಿಗೆ ಬಂದು ಚೀಟಿ ಕೊಟ್ಟು ಹೋದ ದಿನ ವಸುಂಧರಮ್ಮ ಊಟದ ಹೊತ್ತಿಗೆ ಸುದ್ದಿ ಬಿಚ್ಚಿದರು.

"ಸೀಮಂತದ ದಿನಾನೇ ಕುಕ್ಕರ್ ಬರ್ತಾರಂತೆ ಕಣ್ರೀ."

"ಎಷ್ಟು ಲೀಟರಿಂದು?" ಎಂದರು ವೆಂಕಟರಮಣಯ್ಯ.

"ತಮಾಷೆ ಸಾಕು. ವೀರಗಾಸೆಯವರು ಬಂದ ಹಾಗೆ. ಆ ಗಂಟೆ ಸದ್ದಿಗೆ ಮನೆ ಹಿಡಿದ ಕೆಟ್ಟದ್ದೆಲ್ಲ ಓಡ್ಹೋಗುತ್ತಂತೆ. ಬಸುರಿಗೆ ಬಹಳ ಒಳ್ಳೇದಂತೆ. ಹರ್ಷಿತಾನ ಹರಸಿ ಹೋಗ್ಲಿ."

"ಈ ಮನೆಲಿ ಕೆಟ್ಟದ್ದು ಏನಿದೆಯೇ, ಗೋಡೆ ಮೇಲಿನ ಬೂಷ್ಟು ಬಿಟ್ರೆ?"

ವಸುಂಧರಮ್ಮ ಗರಾಜಿನ ಕಡೆಯ ಕೋಣೆಯತ್ತ ಒಮ್ಮೆ ಕಣ್ಣು ಹಾಯಿಸಿ, ಮಜ್ಜಿಗೆ ಕಲಸಿದರು. ಒಗೆದ ಬಟ್ಟೆಯ ಬುಟ್ಟಿ ಹಿಡಿದು ನಡುಮನೆಯಲ್ಲಿ ನಿಂತಿದ್ದ ಯಾಮಿನಿ ಅದನ್ನು ನೋಡಿದಳು.

ಎರಡು ದಿನ ಬಿಟ್ಟು ಬಿಸಿಲು ಬಿತ್ತು. ವಸುಂಧರಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಹಾಕುತ್ತಿದ್ದರು. ಬೇಲಿಯ ಆಚೆಯಿಂದ ಸ್ತೊಯಾನ್ ಅಜ್ಜ ಏನೋ ಕೇಳುತ್ತಿದ್ದ. ಕೈ ಎದೆಯ ಮೇಲಿಟ್ಟುಕೊಂಡ, ಮನೆಯ ಕಡೆ ತೋರಿಸಿದ. ಅತ್ತೆ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದರು. ಅಡುಗೆಮನೆಯ ಕಿಟಕಿಯಿಂದ ಯಾಮಿನಿಗೆ ಕಂಡದ್ದು ಇಷ್ಟು.

ಒಳಗೆ ಬಂದವರು ಖುಷಿಯಲ್ಲಿದ್ದರು. "ಸಾವಾದ ಮನೆಗೆ ಅವರು ಬರಲ್ವಂತೆ. ಹೋದ ವರ್ಷ ಅದಕ್ಕೇ ಬರ್ಲಿಲ್ವಂತೆ. ಇನ್ನೂ ದುಃಖ ಇದ್ಯಾ ಅಂತ ಕೇಳ್ದ ಮುದುಕ. ನನ್ನ ಬಾಯಲ್ಲಿ ಬಟ್ಟೆ ಕ್ಲಿಪ್ಪು. ಇಲ್ಲ, ಇಲ್ಲ ಅಂತ ತಲೆ ಅಲ್ಲಾಡಿಸ್ದೆ."

"ಇಲ್ಲ ಅಂದ್ರಾ?"

"ವರ್ಷಾಬ್ದಿಕ ಮುಗೀತಲ್ಲ. ಮನೆಗೆ ಎಲ್ಲಿದೆ ಇನ್ನು ಸೂತಕ? ಇರೋದು ನಿನಗೆ."

ಯಾಮಿನಿ ಕೈಯಲ್ಲಿದ್ದ ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದು ಬೋರಲು ಹಾಕಿದಳು.

ಕಸದ ತೊಟ್ಟಿಯನ್ನು ರಸ್ತೆಗೆ ಎಳೆದಿಡುವುದು ಅವಳ ಕೆಲಸ. ಮರುದಿನ ಬೆಳಿಗ್ಗೆ ಎಳೆಯುತ್ತಿದ್ದಾಗ ಸ್ತೊಯಾನ್ ಅಜ್ಜ ತನ್ನ ತೊಟ್ಟಿ ನಿಲ್ಲಿಸಿ ಟೋಪಿ ತೆಗೆದ. ಅವನ ಇಂಗ್ಲಿಷ್ ತುಂಡು ತುಂಡು.

"ನಿನ್ನ ಅತ್ತೆ ಒಳ್ಳೆ ತಾಯಿ," ಎಂದ. "ಇನ್ನೂ ಮಗನಿಗೆ ಅಳ್ತಾಳೆ. ನಾವು ಬರಲ್ಲ. ಮುಂದಿನ ವರ್ಷ."

"ಹಾಗಂತ ಯಾರು ಹೇಳಿದ್ದು?"

"ಅವಳೇ. ಹೀಗೆ ಮಾಡಿದಳು." ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ.

ಯಾಮಿನಿಗೆ ಆಗ ತಿಳಿಯಿತು. ರಾದ್ಕಾ ಹಿಂದೊಮ್ಮೆ ಹೇಳಿ ನಕ್ಕಿದ್ದಳು. ಅವರ ದೇಶದಲ್ಲಿ ತಲೆ ಅಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಬಂದ ಹೊಸತರಲ್ಲಿ ಅಜ್ಜ ಬೇಕರಿಯಲ್ಲಿ ಕೂತು ಗಿರಾಕಿಗಳಿಗೆಲ್ಲ ತಲೆ ಅಡ್ಡ ಆಡಿಸಿದ್ದಕ್ಕೆ, ಅವರು ಬ್ರೆಡ್ ಇಲ್ಲವೆಂದುಕೊಂಡು ವಾಪಸು ಹೋಗಿದ್ದರಂತೆ. ಇಲ್ಲ, ದುಃಖ ಇಲ್ಲ ಎಂದು ಅತ್ತೆ ಆಡಿಸಿದ ತಲೆ ಅಜ್ಜನಿಗೆ ಹೌದು, ಇದೆ ಎಂದು ಕಂಡಿತ್ತು.

ಸುಮ್ಮನೆ ಬಿಟ್ಟಿದ್ದರೂ ಆಗುತ್ತಿತ್ತು. ಆ ಶನಿವಾರ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಅತ್ತೆಯನ್ನು ದಾಟಿ ಗಂಟೆಗಳೆಲ್ಲ ಮುಂದಿನ ಮನೆಗೆ ಹೋಗುತ್ತಿದ್ದವು. ಅದೂ ನೋಡುವಂಥದ್ದೇ. ಆದರೆ ಆ ತಪ್ಪಿನಲ್ಲಿ ವಸುಂಧರಮ್ಮ ಒಳ್ಳೆ ತಾಯಿಯಾಗಿ ಉಳಿದುಬಿಡುತ್ತಿದ್ದರು.

"ನಮ್ಮಲ್ಲಿ ಅದು ಇಲ್ಲ ಅಂತ," ಎಂದಳು ಯಾಮಿನಿ. "ಮನೆಯಲ್ಲಿ ದುಃಖ ಇಲ್ಲ ಅಂದಿದ್ದು ಅವರು."

ಅಜ್ಜ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಹಾಗಾ."

"ಹಾಗೆ."

"ಮತ್ತೆ ನೀನು? ನಮ್ಮ ಊರಲ್ಲಿ ತಾಯಿ ಹೇಳಿದ್ರೆ ಸಾಲದು. ಸತ್ತವನ ಹೆಂಡತಿ ಗೇಟು ತೆಗೀಬೇಕು. ಅವಳು ತೆಗೆದ್ರೆ ಮಾತ್ರ ಗಂಟೆ ಒಳಗೆ."

ಯಾಮಿನಿ ತೊಟ್ಟಿಯ ಮುಚ್ಚಳ ಒತ್ತಿ ಮುಚ್ಚಿದಳು. "ತೆಗೀತೀನಿ. ಆದ್ರೆ ಹೊರಗಡೆಯಿಂದ. ನನಗೊಂದು ವೇಷ ಬೇಕು."

"ಇಪ್ಪತ್ತು ಕಿಲೋ ಭಾರ ಅದು. ನೀನು ಗುಬ್ಬಿ ಇದ್ದ ಹಾಗಿದೀಯ."

"ರಾದ್ಕಾ ಹಾಕ್ತಾಳಲ್ಲ."

"ಅವಳಿಗೆ ಈ ಸಲ ಬೆನ್ನು ನೋವು." ಅಜ್ಜ ಅವಳನ್ನು ಅಳೆಯುವ ಹಾಗೆ ನೋಡಿದ. "ಯಾಕೆ ಬೇಕು?"

"ಓಡಿಸೋದಿದೆ."

"ಚಳಿಗಾಲಾನಾ?"

"ಅದನ್ನೂ."

ಮುಂದಿನ ಎರಡು ವಾರ ಸಂಜೆ ಐದಕ್ಕೆ ಯಾಮಿನಿ ಆಸ್ಪತ್ರೆಯ ಫಾರ್ಮಸಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಹೊರಟು, ಬೀದಿ ಸುತ್ತಿ, ಅಜ್ಜನ ಗರಾಜಿಗೆ ಹೋಗುತ್ತಿದ್ದಳು. ಮನೆಯಲ್ಲಿ ಸಂಜೆ ಶಿಫ್ಟ್ ಎಂದು ಹೇಳಿದ್ದಳು.

"ಒಳ್ಳೇದಾಯ್ತು. ಆ ಶನಿವಾರದ್ದೂ ಹೀಗೇ ಹೇಳಿ ಹಾಕಿಸ್ಕೊ," ಎಂದರು ವಸುಂಧರಮ್ಮ. ಎಂದವರು ಡಬ್ಬಿಯೊಂದನ್ನು ಅವಳ ಚೀಲಕ್ಕೆ ತುರುಕಿದರು. "ಅವಲಕ್ಕಿ ಇದೆ. ಕ್ಯಾಂಟೀನಲ್ಲಿ ಸಿಕ್ಕಿದ್ದೆಲ್ಲ ತಿನ್ಬೇಡ. ಒಣಗ್ಹೋಗಿದೀಯ."

ಗರಾಜಿನಲ್ಲಿ ಅವಳೂ ಅಜ್ಜನೂ ಆ ಅವಲಕ್ಕಿ ತಿಂದರು.

"ನೋಡು, ಒಳ್ಳೆ ತಾಯಿ," ಎಂದ ಅಜ್ಜ.

"ತಿನ್ನಿ," ಎಂದಳು ಯಾಮಿನಿ.

ನಡೆದರೆ ಗಂಟೆಗಳು ಒಂದೊಂದೂ ಒಂದೊಂದು ಹೊತ್ತಿಗೆ ಕಿಣಿಗುಟ್ಟುತ್ತಿದ್ದವು. ಎಲ್ಲ ಒಟ್ಟಿಗೆ ಹೊಡೆಯಬೇಕಾದರೆ ಹಾರಬೇಕು. ಅವಳು ಹಾರಿದಳು. ಪಟ್ಟಿ ಸೊಂಟಕ್ಕೆ ಕಚ್ಚಿತು.

"ಸಿಟ್ಟಿಂದ ಹಾರಬೇಡ," ಎಂದ ಅಜ್ಜ.

"ಮತ್ತೆ ಯಾವುದರಿಂದ?"

"ಮಂಡಿಯಿಂದ."

ಎರಡನೇ ವಾರದ ಹೊತ್ತಿಗೆ ಸೊಂಟದ ಸುತ್ತ ನೀಲಿಗಟ್ಟಿತ್ತು. ಮೇಲಿನ ಗೂಡಿನಿಂದ ರವೆ ಡಬ್ಬ ತೆಗೆಯಲು ಕೈ ಎತ್ತಿದಾಗ ಹರ್ಷಿತಾಳ ಕಣ್ಣಿಗೆ ಬಿತ್ತು.

"ಅಕ್ಕಾ, ಸೊಂಟಕ್ಕ ಏನಾತ್ರಿ?"

"ಔಷಧಿ ಪೆಟ್ಟಿಗೆ ತಗಲ್ತು."

"ಎರಡೂ ಕಡೆನೂ?"

"ಎರಡು ಪೆಟ್ಟಿಗೆ."

ಹರ್ಷಿತಾ ನಗಲಿಲ್ಲ. ಒಲೆಯ ಪಕ್ಕ ಸ್ಟೂಲು ಎಳೆದು ಕೂತಳು. "ಶನಿವಾರದ್ದು ನಿಮಗ ಸಿಟ್ಟು ಬಂದದ. ನಂಗ ಗೊತ್ತದ."

"ಮೊದಲನೇ ಬಳೆ ನಾನೇ ತೊಡಿಸ್ಬೇಕು ಅಂದಿದ್ದೆ ನೀನು."

"ಅಂದಿದ್ದೆ, ಹೌದ್ರಿ. ಆದ್ರ ಅತ್ತಿ ಭಾಳ ಅಂಜ್ಯಾರ."

"ನೀನು?"

"ನಾ ಯಾಕ ಅಂಜ್ಲಿ? ದಿನಾ ಹತ್ತು ಹೆರಿಗಿ ನೋಡತೇನಿ."

"ಹಾಗಾದ್ರೆ ಹೋಗಿ ಅವರಿಗೆ ಹೇಳು. ಅಕ್ಕ ಮನೇಲೇ ಇರ್ತಾಳೆ ಅಂತ. ಒಳಗೇ ಇದಾರೆ, ಟೀವಿ ನೋಡ್ತಾ."

ಹರ್ಷಿತಾ ಸೆರಗಿನ ಹಾಗೆ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಳು. "ಈಗ ಬ್ಯಾಡ್ರಿ ಅಕ್ಕಾ. ಕೂಸು ಹುಟ್ಟಲಿ. ಆಮ್ಯಾಲ ಎಲ್ಲಾ ಸರಿ ಆಗ್ತದ."

"ಸರಿ," ಎಂದು ಯಾಮಿನಿ ರವೆ ಹುರಿಯಲು ನಿಂತಳು.

ಶನಿವಾರ ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟಳು. ವಸುಂಧರಮ್ಮ ರಂಗೋಲಿ ಹಾಕುತ್ತಿದ್ದರು. "ಸಂಜೆ ಆರರ ಮೇಲೆ ಬಾ," ಎಂದರು, ತಲೆ ಎತ್ತದೆ. "ಬಿಸಿಬೇಳೆಬಾತ್ ನಿನಗೆ ತೆಗೆದಿಟ್ಟಿರ್ತೀನಿ."

ಹನ್ನೊಂದರ ಹೊತ್ತಿಗೆ ಅಜ್ಜನ ಗರಾಜಿನಿಂದ ಏಳು ಕುಕೆರಿ ಹೊರಬಿದ್ದರು. ಆರು ಜನ ಆಳೆತ್ತರದವರು. ಏಳನೆಯದು ಗಿಡ್ಡ. ಅಜ್ಜನಿಗೆ ಮುಖವಾಡವಿಲ್ಲ, ಅವನು ಗುಂಪಿನ ರಾಜ. ಕೈಯಲ್ಲಿ ಕೋಲು, ಹೆಗಲಲ್ಲಿ ಗೋಧಿಯ ಚೀಲ. ಮುಖವಾಡದ ಒಳಗೆ ಆಡಿನ ವಾಸನೆ, ಹಳೆಯ ಬೆವರಿನ ವಾಸನೆ. ಕಣ್ಣಿನ ತೂತಿನಲ್ಲಿ ಯಾಮಿನಿಗೆ ಕಂಡದ್ದು ಬೀದಿಯ ಒಂದು ತುಂಡು ಮಾತ್ರ. ಮೂರು ಮನೆ ಮುಗಿಸಿ ನಾಲ್ಕನೆಯದಕ್ಕೆ ಬಂದಾಗ ಅಜ್ಜ ಪಕ್ಕಕ್ಕೆ ಸರಿದು ನಿಂತ. ಅವಳು ಮುಂದೆ ಬಂದು ತನ್ನ ಮನೆಯ ಗೇಟು ತೆಗೆದಳು.

ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಗಂಟೆಯ ಸದ್ದಿಗೆ ಒಳಗಿನ ಹೆಂಗಸರೆಲ್ಲ ಹಜಾರದ ಬಾಗಿಲಿಗೆ ನುಗ್ಗಿದರು. ಕನ್ನಡ ಕೂಟದ ಪದ್ಮಾವತಿ ಆಂಟಿ ಫೋನು ಎತ್ತಿ ಹಿಡಿದು ವೀಡಿಯೊ ತೆಗೆಯುತ್ತಿದ್ದರು.

"ರೀ ವಸುಂಧರಾ, ಶೂ ಬಿಚ್ಚೋಕೆ ಹೇಳ್ರಿ. ಕಾರ್ಪೆಟ್ ಹೋಗುತ್ತೆ."

"ದೇವರ ವೇಷಕ್ಕೆ ಶೂ ಏನ್ರಿ, ಸುಮ್ನಿರಿ."

ವಸುಂಧರಮ್ಮ ಕೆಂಪು ನೀರಿನ ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದರು. ರೇಷ್ಮೆ ಸೀರೆ, ಮುಡಿಯಲ್ಲಿ ಹಿತ್ತಲಿನ ಕೆಮೀಲಿಯಾ ಹೂವು. ಏಳು ಜನಕ್ಕೂ ಆರತಿ ಎತ್ತಿದರು. ಭರಣಿಯಿಂದ ಕುಂಕುಮ ತೆಗೆದು ಒಂದೊಂದೇ ಮುಖವಾಡದ ಹಣೆಗಿಟ್ಟರು. ಎತ್ತರದವರಿಗೆ ತುದಿಗಾಲಲ್ಲಿ ನಿಲ್ಲಬೇಕಾಯಿತು. ಗಿಡ್ಡ ಕುಕೆರ್‌ಗೆ ಹಾಗಿಲ್ಲ. ಅವರು ಬೆರಳು ಒತ್ತಿದಾಗ ಮರದ ಮುಖವಾಡ ಒಳಗೆ ಯಾಮಿನಿಯ ಹಣೆಗೆ ತಾಗಿತು.

ಹರ್ಷಿತಾ ಹಸಿರು ಸೀರೆ ಉಟ್ಟು ಹಜಾರದ ನಡುವೆ ಕುರ್ಚಿಯಲ್ಲಿ ಕೂತಿದ್ದಳು. ಎರಡು ಕೈ ತುಂಬ ಬಳೆ. ದೊಡ್ಡ ಕುಕೆರ್ ಒಬ್ಬ ಒಳಗೆ ಕಾಲಿಟ್ಟು ಹಾರಿದ್ದೇ, ಅವಳು ಕುರ್ಚಿಯ ಹಿಡಿ ಹಿಡಿದುಕೊಂಡಳು.

"ಅತ್ತೀ, ದೊಡ್ಡವ್ರು ಬ್ಯಾಡ್ರಿ. ಒಳಗ ಒದಿಯಾಕತ್ತದ."

"ಆ ಗಿಡ್ಡ ಇದಾನಲ್ಲ, ಅವನು ಬರ್ಲಿ," ಎಂದು ವಸುಂಧರಮ್ಮ ತಾವೇ ಬಂದು ಯಾಮಿನಿಯ ತುಪ್ಪಳದ ತೋಳು ಹಿಡಿದರು. "ಬಾರಪ್ಪಾ, ಬಾ. ಹೆದರಿಸ್ಬೇಡ. ಸಣ್ಣ ಹುಡುಗಿ."

ತೋಳು ಹಿಡಿದು ಹೊಸಿಲು ದಾಟಿಸಿದರು. ಮುತ್ತೈದೆಯರು ದಾರಿ ಬಿಟ್ಟರು. ಯಾಮಿನಿ ಕಲಿತ ಹಾಗೆ ಮಾಡಿದಳು. ಹರ್ಷಿತಾಳ ತಲೆಯ ಮೇಲೆ ಕೈಯಿಟ್ಟಳು. ಅಜ್ಜನ ಕೋಲಿನ ತುದಿ ಹಿಡಿದು ಅದರಿಂದ ಹೊಟ್ಟೆಯನ್ನು ಮುಟ್ಟೀ ಮುಟ್ಟದ ಹಾಗೆ ಮುಟ್ಟಿದಳು. ಅಜ್ಜ ಚೀಲ ಚಾಚಿದ. ಅದರಿಂದ ಒಂದು ಹಿಡಿ ಗೋಧಿ ತೆಗೆದು ಮಡಿಲಿಗೆ ಸುರಿದಳು.

"ಎಷ್ಟು ಚೆನ್ನಾಗಿ ಮಾಡ್ದ ನೋಡಿ," ಎಂದರು ಪದ್ಮಾವತಿ ಆಂಟಿ.

ವಸುಂಧರಮ್ಮನ ಕಣ್ಣು ತುಂಬಿತ್ತು. ಎಲೆ, ಅಡಿಕೆ, ತೆಂಗಿನಕಾಯಿ ತಾವೇ ತಂದು ಕುಕೆರ್‌ನ ಕೈಗಿಟ್ಟರು. ಆಮೇಲೆ, ಮಂಡಿನೋವಿನವರು, ಕುರ್ಚಿ ಹಿಡಿದು ಬಗ್ಗಿ ಆ ಆಡಿನ ತುಪ್ಪಳದ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಈ ಮನೆ ಹಿಡಿದ ಶನಿ ಬಿಡಿಸಪ್ಪಾ," ಎಂದರು.

ಮುಖವಾಡ ತೆಗೆಯುವುದು ಒಂದು ಕೈಯ ಕೆಲಸವಲ್ಲ. ಯಾಮಿನಿ ತಾಂಬೂಲವನ್ನು ಹರ್ಷಿತಾಳ ಮಡಿಲಿಗೆ ಇಳಿಸಿದಳು. ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿದಳು. ಕೊಂಬು ಹಿಡಿದು ಮೇಲಕ್ಕೆತ್ತಿದಳು.

"ಶನಿ ನಾನೇ ಅತ್ತೆ," ಎಂದಳು. "ಎಲ್ಲಿಗೆ ಬಿಡಿಸ್ಲಿ?"

ಯಾರೋ ಒಬ್ಬರು ತಮಾಷೆಯೆಂದುಕೊಂಡು ನಕ್ಕು, ಅರ್ಧಕ್ಕೇ ನಿಲ್ಲಿಸಿದರು. ಪದ್ಮಾವತಿ ಆಂಟಿಯ ಫೋನು ಇನ್ನೂ ಮೇಲೇ ಇತ್ತು.

"ಶಿಫ್ಟು..." ಎಂದರು ವಸುಂಧರಮ್ಮ.

"ಹಾಕಿಸ್ಕೊಳ್ಲಿಲ್ಲ."

ವಸುಂಧರಮ್ಮ ಕುರ್ಚಿ ಹಿಡಿದೇ ನೆಟ್ಟಗಾದರು. "ಹರ್ಷಿತಾ, ಏಳು. ತಲೆ ಮೇಲೆ ನೀರು ಹಾಕ್ಕೊ. ಆ ಗೋಧಿ ಕೊಡವು. ಏಳೇ."

ಯಾಮಿನಿ ಹರ್ಷಿತಾಳನ್ನು ನೋಡಿದಳು. ಹತ್ತು ಹೆರಿಗೆ ನೋಡುವ ಹುಡುಗಿ ಎರಡೂ ಅಂಗೈ ಅಗಲಿಸಿ ಹೊಟ್ಟೆಯನ್ನು ಮುಚ್ಚಿಕೊಂಡಿದ್ದಳು. ಬಳೆಗಳ ಸಂದಿಯಿಂದ ಗೋಧಿ ಒಂದೊಂದೇ ಕೆಳಗೆ ಬೀಳುತ್ತಿತ್ತು.

"ಹಿಂಗ್ಯಾಕ ಮಾಡಿದ್ರಿ ಅಕ್ಕಾ," ಎಂದಳು. ಕೈ ತೆಗೆಯಲಿಲ್ಲ.

"ಒಂದನ್ನ ಕಳ್ಕೊಂಡಿದೀನಿ," ಎಂದರು ವಸುಂಧರಮ್ಮ. "ಹೆತ್ತ ಹೊಟ್ಟೆ ಇದು. ಇನ್ನೊಂದಕ್ಕೂ ಹೀಗೆ ಬಂದು ನಿಂತ್ಯಲ್ಲ, ನಿನಗೆ ಎಷ್ಟು ಸಿಟ್ಟಿರ್ಬೇಕು ನನ್ನ ಮೇಲೆ."

"ಬಹಳ ಇದೆ ಅತ್ತೆ," ಎಂದಳು ಯಾಮಿನಿ. "ಸೆಪ್ಟೆಂಬರ್ ಕೊನೆ ತನಕ ಇರಿ. ಆಮೇಲೆ ಬೇರೆ ಮನೆ ನೋಡ್ಕೊಳಿ. ಎಲ್ಲರೂ."

ಧೀರಜ್ ಕ್ಯಾಮೆರಾ ಹಿಡಿದು ಮೂಲೆಯಲ್ಲಿದ್ದವನು ಮುಂದೆ ಬಂದ. "ಅತ್ತಿಗೆ, ಏನು ಮಾತಾಡ್ತಿದೀರ? ಅವಳು ಬಸುರಿ."

"ಗೊತ್ತು. ಈಗ ತಾನೇ ಹರಸಿದೆ."

ಸ್ತೊಯಾನ್ ಅಜ್ಜನಿಗೆ ಕನ್ನಡ ತಿಳಿಯದು. ಆದರೆ ಮನೆಯೊಳಗೆ ಬಂದ ಕುಕೆರಿ ಎಲ್ಲ ಕೋಣೆ ಸುತ್ತದೆ ಹೋಗುವಂತಿಲ್ಲ ಎಂಬುದು ಅವನಿಗೆ ಗೊತ್ತು. ಕೋಲಿನಿಂದ ನೆಲ ಕುಟ್ಟಿದ. ಯಾಮಿನಿ ಮುಖವಾಡ ಕಂಕುಳಲ್ಲಿಟ್ಟುಕೊಂಡು, ತನ್ನ ಮುಖದಲ್ಲೇ, ಮುಂದೆ ನಡೆದಳು. ಹೀಟ್‌ಪಂಪಿನ ಕೋಣೆಯಲ್ಲಿ ಹಾರಿದಳು. ಬಿಸಿಲಿನ ಕೋಣೆಯಲ್ಲಿ, ಅತ್ತೆಯ ಮಂಚದ ಪಕ್ಕ, ಔಷಧಿ ಶೀಶೆಗಳು ಅದುರುವ ಹಾಗೆ ಮೂರು ಸಲ ಹಾರಿ ಕಿಟಕಿ ತೆಗೆದಳು. ಆರು ಜನ ಅವಳ ಹಿಂದೆ ಹಾರಿದರು. ಗರಾಜಿನ ಪಕ್ಕದ ಕೋಣೆಯ ಬಾಗಿಲು ತೆರೆದು, ಒಳಗೆ ನೋಡಿ, ಹಾಗೇ ಮುಚ್ಚಿದಳು.

ಹಾಲ್‌ನ ಊಟಕ್ಕೆ ಅವಳು ಹೋಗಲಿಲ್ಲ. ಗಂಟೆ ಬಿಚ್ಚಿ ಕೊಟ್ಟು, ರಾದ್ಕಾ ಕೊಟ್ಟ ಐಸ್ ಚೀಲ ಸೊಂಟಕ್ಕೆ ಹಿಡಿದು ಅಜ್ಜನ ಗರಾಜಿನಲ್ಲಿ ಎರಡು ಗಂಟೆ ಕೂತು, ಮೂರಕ್ಕೆ ಮನೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ. ಹರ್ಷಿತಾಳನ್ನು ಧೀರಜ್ ಪದ್ಮಾವತಿ ಆಂಟಿಯ ಮನೆಗೆ ಕರೆದುಕೊಂಡು ಹೋಗಿದ್ದ. ವೆಂಕಟರಮಣಯ್ಯ ಒಬ್ಬರೇ ಅಡುಗೆಮನೆಯಲ್ಲಿ ಗ್ಲಾಡ್‌ರ‍್ಯಾಪ್ ಪ್ಲಾಸ್ಟಿಕ್ ಹಾಳೆ ಹರಿದು ಪಾತ್ರೆಗಳಿಗೆ ಸುತ್ತುತ್ತಿದ್ದರು.

"ಊಟ ಇದೆಯಾ ಮಾವ?"

"ಐವತ್ತು ಜನಕ್ಕೆ ಮಾಡಿದ್ದು. ಹತ್ತು ಜನ ತಿಂದ್ರು. ಕೂತ್ಕೊ."

ಬಿಸಿಬೇಳೆಬಾತ್ ಬಿಸಿ ಮಾಡಿ ತಟ್ಟೆಗೆ ಹಾಕಿದರು. ತುಪ್ಪ ಬಿಟ್ಟರು. ಬಿಸಿಲಿನ ಕೋಣೆಯಿಂದ ಸೂಟ್‌ಕೇಸಿನ ಜಿಪ್ ಎಳೆಯುವ ಸದ್ದು ಬಂತು.

"ಈಗಲೇ ಕಟ್ತಿದಾರಾ?"

"ಸೆಪ್ಟೆಂಬರ್ ತನಕ ಕಾಯೋ ಹೆಂಗಸಲ್ಲ ಅವಳು."

ಯಾಮಿನಿ ಉಂಡಳು. ಹಸಿವಿತ್ತು. ಮಾವ ಎದುರಿನ ಕುರ್ಚಿಯಲ್ಲಿ ಕೂತು ಬೂಂದಿಯ ಪೊಟ್ಟಣ ಬಿಚ್ಚಿದರು.

"ಕಾಲಿಗೆ ಬಿದ್ಲಲ್ಲಮ್ಮ," ಎಂದರು. "ಬೀಳೋಕೆ ಮುಂಚೆ ಮುಖವಾಡ ತೆಗೀಬಹುದಿತ್ತು ನೀನು."

"ತೆಗೀಬಹುದಿತ್ತು."

"ಬೇಕಂತಲೇ ತೆಗೀಲಿಲ್ಲ."

"ಬೇಕಂತಲೇ."

ಅವರು ಬೂಂದಿಯನ್ನು ಅವಳ ತಟ್ಟೆಯ ಅಂಚಿಗೆ ಸುರಿದರು. "ಅಜಿತ್ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ."

"ಅಜಿತ್ ಇದ್ದಿದ್ರೆ ನಾನು ಮುತ್ತೈದೆ ಮಾವ. ಮೊದಲನೇ ಆರತಿ ನನ್ನ ಕೈಲೇ ಎತ್ತಿಸ್ತಿದ್ರು. ಅದೇ ಕೈ ಇದು."

ಅವರು ಅವಳ ಕೈ ನೋಡಿದರು. ಅನ್ನ ಮೆತ್ತಿಕೊಂಡಿತ್ತು. ಸೌಟು ಎತ್ತಿಕೊಂಡರು.

"ಇನ್ನೊಂಚೂರು ಹಾಕ್ಲಾ?"

ಒಳಗಿನಿಂದ ವಸುಂಧರಮ್ಮನ ದನಿ ಬಂತು. "ರೀ, ಬಡಿಸಿದ್ದು ಸಾಕು. ಬಂದು ಈ ಪೆಟ್ಟಿಗೆ ಮೇಲೆ ಕೂತ್ಕೊಳಿ, ಮುಚ್ಚಳ ಕೂರ್ತಿಲ್ಲ. ಪಾತ್ರೆ ಅವಳೇ ತೊಳ್ಕೊತಾಳೆ."

ವೆಂಕಟರಮಣಯ್ಯ ಸೌಟು ಹಿಡಿದು ಎರಡೂ ಕಡೆ ನೋಡಿದರು.

"ಹಾಕಿ ಹೋಗಿ ಮಾವ," ಎಂದಳು ಯಾಮಿನಿ. "ತೊಳ್ಕೊತೀನಿ. ನನ್ನ ಮನೆ ಪಾತ್ರೆ ತಾನೇ."